ಲಿಮಿಟೆಡ್ ಎಡಿಷನ್ ಟಿಕಿ ಮಗ್ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡದ ಗೆಳೆಯರು, ಊರಿಂದ ಬಂದ ನೆಂಟರು, ಹೊಸದಾಗಿ ಈ ಹುಚ್ಚು ಹತ್ತಿಸಿಕೊಂಡವರು ನನ್ನ ಹತ್ತಿರ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಎಲ್ಲದಕ್ಕೂ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ. ಮೊದಲಿಂದ ಓದಬೇಕೆಂದೇನಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ಟಿಕಿ ಮಗ್ ಅಂದರೆ ಏನು?

ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳಲ್ಲಿ ಮರದಲ್ಲೂ ಕಲ್ಲಲ್ಲೂ ಕೆತ್ತಿದ ದೇವರ ಮತ್ತು ಪೂರ್ವಜರ ಮೂರ್ತಿಗಳಿವೆ, ಅವೇ ಟಿಕಿ. ಆ ಮುಖಗಳನ್ನು ನೋಡಿಕೊಂಡು ಮಾಡಿದ ಪಿಂಗಾಣಿ ಲೋಟವೇ ಟಿಕಿ ಮಗ್. ಮಗ್ ಅಂತ ಹೆಸರಿದ್ದರೂ ಸಾಮಾನ್ಯವಾಗಿ ಹಿಡಿ ಇರುವುದಿಲ್ಲ. ಎತ್ತರದ ಕಂಬದ ಆಕಾರ, ದೊಡ್ಡ ಕಣ್ಣು, ಹಲ್ಲು ಕಚ್ಚಿದ ಅಗಲ ಬಾಯಿ. ಒಳಗೆ ರಮ್, ನಿಂಬೆರಸ, ಹಣ್ಣಿನ ರಸ, ದಾಲ್ಚಿನ್ನಿಯಂಥ ಮಸಾಲೆ ಸೇರಿದ ಕಾಕ್‌ಟೇಲ್ ಹಾಕಿ, ಪುಡಿ ಐಸ್ ತುಂಬಿ, ಮೇಲೆ ಪುದೀನ ಸಿಕ್ಕಿಸಿ ಕೊಡುತ್ತಾರೆ. ಸುಮಾರು 350ರಿಂದ 600 ಮಿಲಿ ಹಿಡಿಯುತ್ತದೆ. ಈಗ ತಲೆಬುರುಡೆ, ಆಕ್ಟೋಪಸ್, ಗೊರಿಲ್ಲಾ, ಜ್ವಾಲಾಮುಖಿ, ಸಿನಿಮಾ ಪಾತ್ರಗಳು, ಎಲ್ಲವೂ ಟಿಕಿ ಮಗ್ ಅನ್ನಿಸಿಕೊಳ್ಳುತ್ತವೆ.

ಹಾಗಾದರೆ ಇದು ಪಾಲಿನೇಷ್ಯಾದ ಸಂಪ್ರದಾಯವಾ?

ಅಲ್ಲ. ಇದು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಬಾರುಗಳಲ್ಲಿ. 1933ರಲ್ಲಿ ಅರ್ನೆಸ್ಟ್ ಗ್ಯಾಂಟ್ ಎಂಬಾತ ಹಾಲಿವುಡ್‌ನಲ್ಲಿ ಒಂದು ಪುಟ್ಟ ಬಾರ್ ತೆರೆದ. ಬಿದಿರು, ಮೀನಿನ ಬಲೆ, ಸಮುದ್ರದಿಂದ ತಂದ ಸಾಮಾನು ತೂಗುಹಾಕಿ ಅಲಂಕಾರ ಮಾಡಿದ. ಮುಂದೆ ಅದು 'ಡಾನ್ ದ ಬೀಚ್‌ಕೋಂಬರ್' ಆಯಿತು, ಅವನು ತನ್ನ ಹೆಸರನ್ನೇ ಡಾನ್ ಬೀಚ್ ಅಂತ ಬದಲಿಸಿಕೊಂಡ. ಅಮೆರಿಕದಲ್ಲಿ ಪಾನನಿಷೇಧ ಆಗಷ್ಟೇ ಮುಗಿಯುತ್ತಿದ್ದ ಕಾಲ, ರಮ್ ಬಲು ಅಗ್ಗ. ಅವನ 'ಜಾಂಬಿ' ಕಾಕ್‌ಟೇಲ್ ಎಷ್ಟು ಗಟ್ಟಿಯಿತ್ತೆಂದರೆ ಒಬ್ಬರಿಗೆ ಎರಡಕ್ಕಿಂತ ಜಾಸ್ತಿ ಕೊಡುತ್ತಿರಲಿಲ್ಲ. 1934ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ವಿಕ್ಟರ್ ಬರ್ಜರಾನ್ ಇನ್ನೊಂದು ಬಾರ್ ಶುರು ಮಾಡಿದ. ಅದೇ ಮುಂದೆ 'ಟ್ರೇಡರ್ ವಿಕ್ಸ್' ಆಗಿ ದೇಶವಿದೇಶಗಳಿಗೆ ಹಬ್ಬಿತು. 'ಮೈ ಟೈ' ಎಂಬ ರಮ್ ಕಾಕ್‌ಟೇಲ್ ತನ್ನದೇ, 1944ರಲ್ಲಿ ಮಾಡಿದ್ದು ಅಂತ ಅವನು ಕೊನೆವರೆಗೂ ಹೇಳುತ್ತಿದ್ದ.

ಇಲ್ಲಿ ಒಂದು ಸಂಗತಿ ತುಂಬಾ ಜನಕ್ಕೆ ಗೊತ್ತಿಲ್ಲ. ಆ ಮೊದಲ ದಿನಗಳಲ್ಲಿ ಟಿಕಿ ಮಗ್ ಇರಲೇ ಇಲ್ಲ. ಗಾಜಿನ ಲೋಟ, ತೆಂಗಿನ ಚಿಪ್ಪು, ಕೊರೆದ ಅನಾನಸ್, ಬಿದಿರಿನ ತುಂಡು, ಇವುಗಳಲ್ಲೇ ಕೊಡುತ್ತಿದ್ದರು. ಮುಖವಿರುವ ಪಿಂಗಾಣಿ ಮಗ್ ಬಂದದ್ದು 1950ರ ದಶಕದಲ್ಲಿ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋಗಿದ್ದ ಸೈನಿಕರು ವಾಪಸಾಗಿದ್ದರು. 1947ರಲ್ಲಿ ನಾರ್ವೆಯ ಸಾಹಸಿ ಥಾರ್ ಹೆಯರ್‌ಡಾಲ್ ತೆಪ್ಪದಲ್ಲಿ ಪೆರುವಿನಿಂದ ಪಾಲಿನೇಷ್ಯಾಕ್ಕೆ ಹೋದದ್ದು ದೊಡ್ಡ ಸುದ್ದಿಯಾಗಿತ್ತು. 1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾಯಿತು. ಊರೂರಿಗೂ ಟಿಕಿ ಬಾರ್ ಎದ್ದವು. ಪ್ರತಿ ಬಾರ್‌ಗೂ ತನ್ನದೇ ಮಗ್ ಬೇಕಾಯಿತು, ಅದನ್ನು ಜಪಾನಿನಲ್ಲಿ ಅಗ್ಗಕ್ಕೆ ಮಾಡಿಸಿ ತರಿಸಿದರು.

1970ರ ನಂತರ ಈ ಹುಚ್ಚು ಇಳಿಯಿತು, ಬಾರುಗಳು ಒಂದೊಂದಾಗಿ ಬಾಗಿಲು ಹಾಕಿದವು. ಒಹಾಯೋದ ಕೊಲಂಬಸ್‌ನಲ್ಲಿ 1961ರಲ್ಲಿ ಶುರುವಾದ 'ಕಹೀಕಿ' ಒಂದು ಹಡಗಿನಷ್ಟು ದೊಡ್ಡ ಕಟ್ಟಡ. 2000ದಲ್ಲಿ ಅದನ್ನು ಕೆಡವಿದರು. ಆ ಕಟ್ಟಡದಲ್ಲಿ ಕೂತು ಕುಡಿದವರ ಮನೆಗಳಲ್ಲಿ ಅದರ ಮಗ್‌ಗಳು ಇವತ್ತಿಗೂ ಇವೆ. ಸಂಗ್ರಹ ಮಾಡುವವರಿಗೆ ಹಳೆ ಮಗ್ ಮೇಲೆ ಅಷ್ಟು ಪ್ರೀತಿ ಯಾಕೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಬಾರ್ ಹೋಯಿತು, ಮಗ್ ಉಳಿಯಿತು.

'ಲಿಮಿಟೆಡ್ ಎಡಿಷನ್' ಅಂದಾಗ ನಿಜವಾಗಿ ಏನು ಲಿಮಿಟ್ ಆಗಿರುತ್ತದೆ?

ಈ ಪುಟದಲ್ಲಿ ಒಂದೇ ಪ್ರಶ್ನೆ ಓದುವುದಾದರೆ ಇದನ್ನು ಓದಿ. ದುಡ್ಡು ಕಳೆದುಕೊಳ್ಳುವವರೆಲ್ಲ ಈ ಪ್ರಶ್ನೆ ಕೇಳದೇ ಕಳೆದುಕೊಳ್ಳುತ್ತಾರೆ.

ಮೊದಲನೆಯದು ಎಣಿಕೆಯ ಮಿತಿ. ಇನ್ನೂರು ಮಗ್ ಮಾಡುತ್ತೇವೆ ಅಂತ ಮೊದಲೇ ಹೇಳಿ, ತಳದಲ್ಲಿ 47/200 ಎಂದು ನಂಬರ್ ಹಾಕುತ್ತಾರೆ. ಒಬ್ಬರೇ ಕಲಾವಿದರು ಕೈಯಲ್ಲಿ ಮಾಡಿದರೆ ಎಣಿಕೆ 25 ಅಥವಾ 50 ಇರಬಹುದು. ಬಾರ್‌ಗಳು ಕಾರ್ಖಾನೆಯಲ್ಲಿ ಮಾಡಿಸಿದರೆ ಕೆಲವು ನೂರು. ಇದು ಎಲ್ಲಕ್ಕಿಂತ ಸ್ಪಷ್ಟವಾದ ಮಿತಿ.

ಎರಡನೆಯದು ದಿನದ ಮಿತಿ. ಇಷ್ಟು ದಿನ ಆರ್ಡರ್ ತೆಗೆದುಕೊಳ್ಳುತ್ತೇವೆ, ಎಷ್ಟು ಜನ ಕೇಳುತ್ತಾರೋ ಅಷ್ಟು ಮಾಡುತ್ತೇವೆ ಅನ್ನುತ್ತಾರೆ. ಇಲ್ಲಿ ಎರಡು ಸಾವಿರ ಮಗ್ ಹೊರಬಂದರೂ ಅದು ಲಿಮಿಟೆಡ್ಡೇ. ನನಗೆ ಈ ಪದ್ಧತಿ ಇಷ್ಟ, ಬೇಕಾದವರಿಗೆಲ್ಲ ಸಿಗುತ್ತದೆ. ಆದರೆ ಮುಂದೆ ಬೆಲೆ ಏರುತ್ತದೆ ಅಂತ ನಂಬಿ ಇದನ್ನು ಕೊಳ್ಳಬೇಡಿ.

ಮೂರನೆಯದು ಗ್ಲೇಜಿನ, ಅಂದರೆ ಮಗ್ ಮೇಲಿನ ಗಾಜಿನಂಥ ಬಣ್ಣದ ಲೇಪದ ಮಿತಿ. ಇಲ್ಲೇ ಜನ ಎಡವುವುದು. ಅಚ್ಚು ಒಂದೇ, ಬಣ್ಣ ಬೇರೆ. ಹಸಿರು ನೂರು, ಕಂದು ನೂರು, ಹಬ್ಬಕ್ಕೆಂದು ಕೆಂಪು ಐವತ್ತು. ಪ್ರತಿಯೊಂದೂ ಲಿಮಿಟೆಡ್, ಆದರೆ ಆ ಮುಖ ಹೊತ್ತ ಮಗ್ ಒಟ್ಟು 250 ಇವೆ. ಬರುವ ವರ್ಷ ನೀಲಿ ಬರುವುದಿಲ್ಲ ಅಂತ ಯಾರೂ ಮಾತು ಕೊಟ್ಟಿರುವುದಿಲ್ಲ. ಹಾಗಾಗಿ ಕೊಳ್ಳುವ ಮೊದಲು ಕೇಳಿ: ಲಿಮಿಟ್ ಇರುವುದು ಈ ಬಣ್ಣಕ್ಕಾ, ಈ ಅಚ್ಚಿಗಾ? ಅಚ್ಚನ್ನೇ ಒಡೆದು ಹಾಕುವ ಕಲಾವಿದರೂ ಇದ್ದಾರೆ. ಒಳ್ಳೆಯ ಕಲಾವಿದರು ಇಂಥ ಪ್ರಶ್ನೆಗೆ ನೇರ ಉತ್ತರ ಕೊಡುತ್ತಾರೆ.

ಇನ್ನು ಜಾಗ ಮತ್ತು ಸಂದರ್ಭದ ಮಿತಿ. ಸ್ಯಾನ್ ಡಿಯಾಗೋದಲ್ಲಿ ನಡೆಯುವ 'ಟಿಕಿ ಓಯಸಿಸ್' ಮೇಳದ ಆ ವರ್ಷದ ಮಗ್, ಒಂದು ಬಾರ್‌ನ ಹತ್ತನೇ ವರ್ಷದ ಮಗ್, ಹೀಗೆ. ಎಣಿಕೆ ಬರೆದಿರದಿದ್ದರೂ ಇವು ಮತ್ತೆ ಬರುವುದು ಅಪರೂಪ, ಯಾಕೆಂದರೆ ಆ ಸಂದರ್ಭವೇ ಮುಗಿದಿರುತ್ತದೆ.

ಕಡಿಮೆ ನಂಬರ್ ಇದ್ದರೆ ಒಳ್ಳೆಯದಾ? 3/200 ಬೇಕಾ, 180/200 ಆದರೂ ಆಗುತ್ತದಾ?

ಯಾವುದಾದರೂ ಆಗುತ್ತದೆ. ತಾಮ್ರದ ತಗಡಿನಿಂದ ಚಿತ್ರ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ತಗಡು ಸವೆಯುತ್ತಿತ್ತು, ಮೊದಲ ಪ್ರತಿಗಳು ಚೂಪಾಗಿ ಬರುತ್ತಿದ್ದವು. ಆಗ ಕಡಿಮೆ ನಂಬರಿಗೆ ಅರ್ಥವಿತ್ತು. ಮಗ್ ಮಾಡುವಾಗಲೂ ಅಚ್ಚು ಸವೆಯುತ್ತದೆ, ನಿಜ. ಆದರೆ ಒಂದೇ ಮಾದರಿಯಿಂದ ಹಲವು ಅಚ್ಚು ತೆಗೆದಿರುತ್ತಾರೆ, ನಂಬರನ್ನು ಎಷ್ಟೋ ಸಲ ಎಲ್ಲ ಸುಟ್ಟು ಮುಗಿದ ಮೇಲೆ ಬರೆಯುತ್ತಾರೆ. ಹಾಗಾಗಿ ನಂಬರಿಗೂ ಗುಣಮಟ್ಟಕ್ಕೂ ಸಂಬಂಧ ಇಲ್ಲ. ನಂಬರ್ 1ಕ್ಕೆ ಜಾಸ್ತಿ ಕೊಡುವವರು ಇದ್ದಾರೆ, ಅದು ಅವರ ಖುಷಿ. ನಿಮಗೆ ಆಯ್ಕೆ ಸಿಕ್ಕರೆ ನಂಬರ್ ಬಿಟ್ಟು ಮುಖ ನೋಡಿ. ಹಲ್ಲಿನ ಗೆರೆ, ಕಣ್ಣಿನ ಅಂಚು ಚೆನ್ನಾಗಿ ಎದ್ದು ಕಾಣುವುದನ್ನು ಆರಿಸಿ.

'ಎಪಿ' (ಆರ್ಟಿಸ್ಟ್ಸ್ ಪ್ರೂಫ್) ಅಂತ ಬರೆದಿದ್ದರೆ ಅದು ಕಲಾವಿದರು ತಮಗೆಂದು ಇಟ್ಟುಕೊಂಡ ಪ್ರತಿ. ಅದು ಎಣಿಕೆಯ ಹೊರಗಿನದು.

ಒಂದು ಮಗ್ ಹೇಗೆ ತಯಾರಾಗುತ್ತದೆ? ಇಷ್ಟು ದುಬಾರಿ ಯಾಕೆ?

ಕಲಾವಿದರು ಮೊದಲು ಜೇಡಿಮಣ್ಣಿನಲ್ಲಿ ಮೂಲ ಮೂರ್ತಿ ಮಾಡುತ್ತಾರೆ. ಅದರ ಸುತ್ತ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಎರಡು, ಮೂರು ಅಥವಾ ಇನ್ನೂ ಜಾಸ್ತಿ ತುಂಡಿನ ಅಚ್ಚು ತೆಗೆಯುತ್ತಾರೆ. ಮೂಗು, ಕಿವಿ ಹೆಚ್ಚು ಹೊರಚಾಚಿದಷ್ಟೂ ತುಂಡುಗಳು ಜಾಸ್ತಿ. ಅಚ್ಚಿನೊಳಗೆ ಮಜ್ಜಿಗೆಗಿಂತ ಸ್ವಲ್ಪ ಗಟ್ಟಿಯಾದ ಮಣ್ಣಿನ ನೀರು ಹುಯ್ಯುತ್ತಾರೆ. ಪ್ಲಾಸ್ಟರ್ ನೀರನ್ನು ಹೀರಿಕೊಳ್ಳುತ್ತದೆ, ಅಚ್ಚಿನ ಗೋಡೆಗೆ ಮಣ್ಣಿನ ಪದರ ಕಟ್ಟುತ್ತದೆ. ಬೇಕಾದಷ್ಟು ದಪ್ಪ ಬಂದ ಮೇಲೆ ಒಳಗಿನ ಉಳಿಕೆ ಚೆಲ್ಲುತ್ತಾರೆ. ಸ್ವಲ್ಪ ಗಟ್ಟಿಯಾದಾಗ ಅಚ್ಚು ಬಿಚ್ಚಿ, ತುಂಡುಗಳು ಕೂಡಿದಲ್ಲಿ ಬಂದ ಗೆರೆಯನ್ನು ಚಾಕುವಿನಿಂದ ಕೆರೆದು, ಒದ್ದೆ ಸ್ಪಂಜಿನಿಂದ ನಯ ಮಾಡುತ್ತಾರೆ. ಒಣಗಿಸಿ ಒಂದು ಸಲ ಸುಡುತ್ತಾರೆ. ಆಮೇಲೆ ಗ್ಲೇಜ್ ಹಚ್ಚಿ ಇನ್ನೊಂದು ಸಲ ಸುಡುತ್ತಾರೆ. ಎರಡು ಮೂರು ಬಣ್ಣ ಇದ್ದರೆ, ಕಣ್ಣಿಗೊಂದು ಹಲ್ಲಿಗೊಂದು ಅಂತ ಪ್ರತಿ ಮಗ್ಗಿಗೂ ಕುಂಚ ಹಿಡಿದು ಕೂರಬೇಕು.

ಪ್ರತಿ ಹಂತದಲ್ಲೂ ಒಂದಷ್ಟು ಹಾಳಾಗುತ್ತವೆ. ಒಣಗುವಾಗ ಬಿರುಕು, ಸುಡುವಾಗ ಸೊಟ್ಟ, ಗ್ಲೇಜ್ ಇಳಿದು ತಳ ಅಂಟಿಕೊಳ್ಳುವುದು. ಆ ನಷ್ಟವೂ ನೀವು ಕೊಡುವ ಬೆಲೆಯಲ್ಲಿ ಸೇರಿರುತ್ತದೆ. ಕೈಕೆಲಸದ ಮಗ್ ನೂರು ಡಾಲರ್ ಅಂದಾಗ ನನಗೆ ಜಾಸ್ತಿ ಅನ್ನಿಸುವುದಿಲ್ಲ.

ಯಾರು ಯಾರು ಮಾಡುತ್ತಾರೆ?

ಹಳೆಯದರಲ್ಲಿ ನಿಮಗೆ ಮೊದಲು ಸಿಗುವ ಹೆಸರು ಓಎಂಸಿ, ಅಂದರೆ ಒಟಾಗಿರಿ ಮರ್ಕಂಟೈಲ್ ಕಂಪನಿ. ಜಪಾನಿನಲ್ಲಿ ಮಾಡಿಸಿ ಅಮೆರಿಕದಲ್ಲಿ ಮಾರುತ್ತಿದ್ದರು. ಇನ್ನೊಂದು 'ಆರ್ಕಿಡ್ಸ್ ಆಫ್ ಹವಾಯಿ'. ಹೆಸರಲ್ಲಿ ಹವಾಯಿ ಇದ್ದರೂ ಕಂಪನಿ ಇದ್ದದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಮಗ್ ಬರುತ್ತಿದ್ದದ್ದು ಜಪಾನಿನಿಂದ. ಹೊಸ ಕಾಲದಲ್ಲಿ 2000ದಲ್ಲಿ ಶುರುವಾದ 'ಟಿಕಿ ಫಾರ್ಮ್' ದೊಡ್ಡ ಹೆಸರು. ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆಯವರು, ಚೀನಾದ ಕಾರ್ಖಾನೆಗಳಲ್ಲಿ ಮಾಡಿಸುತ್ತಾರೆ. ಬಾರುಗಳ ಮಗ್ ಎಷ್ಟೋ ಇವರ ಮೂಲಕವೇ ಬಂದಿವೆ. ಚಿತ್ರಕಾರ ಶಾಗ್ ಟಿಕಿ ಫಾರ್ಮ್‌ಗೆ ಮಾಡಿಕೊಟ್ಟ ವಿನ್ಯಾಸಗಳನ್ನು ಹುಡುಕುವವರು ಬಹಳ. ಕೈಕೆಲಸದವರಲ್ಲಿ 'ಮಂಕ್‌ಟಿಕಿ', 'ಟಿಕಿ ಡಿಯಾಬ್ಲೊ' ಹೆಸರುಗಳು ನೆನಪಿರಲಿ. 'ಗೀಕಿ ಟಿಕಿ' ಮಗ್‌ಗಳಲ್ಲಿ ಸ್ಟಾರ್ ವಾರ್ಸ್ ಪಾತ್ರಗಳು ಬರುತ್ತವೆ, ಮಕ್ಕಳಿರುವ ಮನೆಯಲ್ಲಿ ಅವುಗಳಿಂದಲೇ ಶುರುವಾಗುವುದು ಜಾಸ್ತಿ.

ತಳ ತಿರುಗಿಸಿ ನೋಡಿದರೆ ಏನು ಗೊತ್ತಾಗುತ್ತದೆ?

ಬಹಳ ಗೊತ್ತಾಗುತ್ತದೆ. ಮುಖಕ್ಕಿಂತ ಮೊದಲು ತಳ ನೋಡುವುದು ನನ್ನ ರೂಢಿ.

ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಗ್ಲೇಜ್ ಇಲ್ಲದ ಒಂದು ಒರಟು ಉಂಗುರ ಇರುತ್ತದೆ, ಅಲ್ಲಿ ಮಣ್ಣಿನ ನಿಜವಾದ ಬಣ್ಣ ಕಾಣುತ್ತದೆ. ಬೆರಳಿನಿಂದ ಸವರಿದರೆ ಮರಳಿನ ಹಾಗೆ ತರಿತರಿ. ಉಂಗುರದ ಒಳಗೆ ಹೆಸರು, ವರ್ಷ, ನಂಬರ್. ನಂಬರನ್ನು ಹಸಿ ಮಣ್ಣಿನಲ್ಲಿ ಗೀಚಿದ್ದರೆ ಗೀರಿನೊಳಗೆ ಗ್ಲೇಜ್ ತುಂಬಿ ಗಾಢವಾಗಿ ಕಾಣುತ್ತದೆ. ಇದನ್ನು ಆಮೇಲೆ ಯಾರೂ ಬದಲಿಸಲಾರರು. ಮಾರ್ಕರ್ ಪೆನ್ನಿನಲ್ಲಿ ಬರೆದ ನಂಬರ್ ಆದರೆ ಜೊತೆಗೆ ಬಂದ ಕಾರ್ಡು, ಡಬ್ಬಿ ಇವುಗಳನ್ನೂ ಜೋಪಾನವಾಗಿಡಿ.

ಹಳೆ ಜಪಾನಿ ಮಗ್‌ಗಳಲ್ಲಿ ಎಷ್ಟೋ ಸಲ ಕಾಗದದ ಚೀಟಿ ಅಂಟಿಸಿರುತ್ತಿದ್ದರು. ತೊಳೆದು ತೊಳೆದು ಅದು ಹೋಗಿರುತ್ತದೆ. ಆದ್ದರಿಂದ ತಳ ಖಾಲಿ ಇದ್ದ ಮಾತ್ರಕ್ಕೆ ನಕಲಿ ಅನ್ನಬೇಡಿ.

ನಕಲಿ ಮಗ್ ಬರುತ್ತವಾ? ಮರುಮುದ್ರಣ ಅಂದರೆ ನಕಲಿಯಾ?

ಎರಡೂ ಬೇರೆ ಬೇರೆ. ಮೂಲ ಮಾಲೀಕರೇ ಹಳೆ ಮಗ್ಗನ್ನು ಮತ್ತೆ ಮಾಡಿಸಿದರೆ ಅದು ಮರುಮುದ್ರಣ. ಸ್ಯಾನ್ ಡಿಯಾಗೋದ 'ಬಾಲಿ ಹೈ' ರೆಸ್ಟೋರೆಂಟಿನ 'ಮಿಸ್ಟರ್ ಬಾಲಿ ಹೈ' ಮಗ್ ಬಹಳ ಹೆಸರಾದದ್ದು. ಅದರ ಹಳೆಯ ಪ್ರತಿಗೆ ದೊಡ್ಡ ಬೆಲೆ ಇದೆ. ಹೊಸದನ್ನೂ ಮಾಡಿಸಿ ಮಾರಿದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಹೊಸದನ್ನು ಹಳೆಯದೆಂದು ಹೇಳಿ ಯಾರೋ ನಿಮಗೆ ಮಾರಿದರೆ ಅದು ಮೋಸ.

ಇನ್ನೊಂದು ಮಾದರಿ ಕಳ್ಳಪ್ರತಿ. ಸಿದ್ಧವಾದ ಮಗ್ಗಿನ ಮೇಲೆಯೇ ಅಚ್ಚು ತೆಗೆದು ಮಾಡಿದ್ದು. ಇದನ್ನು ಹಿಡಿಯಲು ಒಂದು ಸುಲಭ ಉಪಾಯವಿದೆ: ಅಳತೆ. ಮಣ್ಣು ಒಣಗಿ ಸುಡುವಾಗ ಅದರ ಜಾತಿ ನೋಡಿಕೊಂಡು ಶೇ. 5ರಿಂದ 15ರವರೆಗೆ ಕುಗ್ಗುತ್ತದೆ. ಸಿದ್ಧ ಮಗ್ಗಿನಿಂದ ತೆಗೆದ ಪ್ರತಿ ಇನ್ನೊಂದು ಸಲ ಕುಗ್ಗಿರುತ್ತದೆ. 6 ಇಂಚಿನ ಮಗ್ 5.5 ಇಂಚು ಇದ್ದರೆ, ಗೆರೆಗಳು ಸಾಬೂನು ಸವೆದ ಹಾಗೆ ಮಂಕಾಗಿದ್ದರೆ, ಕೈಬಿಡಿ. ಸಂಗ್ರಾಹಕರು ಆನ್‌ಲೈನಿನಲ್ಲಿ ಹಾಕುವ ಪಟ್ಟಿಗಳಲ್ಲಿ ಎತ್ತರ ಬರೆದಿರುತ್ತಾರೆ. ಮಾರುವವರಿಗೆ ಸ್ಕೇಲ್ ಇಟ್ಟು ಫೋಟೋ ಕಳಿಸಿ ಅನ್ನಿ. ನ್ಯಾಯವಾಗಿ ಮಾರುವವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಎಷ್ಟು ದುಡ್ಡು ಬೇಕು?

ಹೊಸ ಬಾರ್ ಮಗ್ ಸಾಮಾನ್ಯವಾಗಿ 25ರಿಂದ 60 ಡಾಲರ್. ಕೈಕೆಲಸದವು ನೂರರ ಆಚೆ. ಸಾಮಾನ್ಯ ಓಎಂಸಿ ಮಗ್ ಹಳೆ ಸಾಮಾನಿನ ಅಂಗಡಿಯಲ್ಲಿ, ಮನೆ ಖಾಲಿ ಮಾಡುವವರ ಸೇಲ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಹೊಸಬರಿಗೆ ನಾನು ಹೇಳುವುದು ಇದನ್ನೇ: ಒಂದು ಹಳೆಯದು, ಒಂದು ಹೊಸದು ಕೊಳ್ಳಿ. ಎರಡನ್ನೂ ಪಕ್ಕದಲ್ಲಿಟ್ಟು ತೂಕ, ಗ್ಲೇಜ್, ಅಂಚು ಹೋಲಿಸಿ. ನಿಮ್ಮ ಮನಸ್ಸು ಯಾವ ಕಡೆ ವಾಲುತ್ತದೆ ಅಂತ ತಿಳಿದ ಮೇಲೆ ಮುಂದಿನ ದುಡ್ಡು ಬಿಚ್ಚಿ.

ಬಿಡುಗಡೆಯ ದಿನ ಎರಡು ನಿಮಿಷಕ್ಕೇ ಖಾಲಿ ಆಗುತ್ತದೆ. ಏನು ಮಾಡಲಿ?

ಕಲಾವಿದರ ಇಮೇಲ್ ಪಟ್ಟಿಗೆ ಸೇರಿಕೊಳ್ಳಿ, ಎಷ್ಟೋ ಸಲ ಅಲ್ಲಿ ಮೊದಲು ಹೇಳುತ್ತಾರೆ. ಅವರ ಅಂಗಡಿಯಲ್ಲಿ ವಿಳಾಸ, ಕಾರ್ಡು ಮೊದಲೇ ತುಂಬಿಟ್ಟಿರಿ. ಸಮಯ ಪೆಸಿಫಿಕ್ಕಿನದಾ, ಪೂರ್ವ ತೀರದ್ದಾ ನೋಡಿಕೊಳ್ಳಿ.

ಬಾರಿನಲ್ಲೇ ಬಿಡುಗಡೆ ಆಗುವುದಾದರೆ ಸಾಲಿನಲ್ಲಿ ನಿಲ್ಲಬೇಕು. ಡಿಸ್ನಿಲ್ಯಾಂಡ್ ಹೋಟೆಲಿನ 'ಟ್ರೇಡರ್ ಸ್ಯಾಮ್ಸ್' 2011ರಲ್ಲಿ, ಫ್ಲಾರಿಡಾದ ಡಿಸ್ನಿಯಲ್ಲಿರುವ ಅದರ ತಂಗಿ ಬಾರ್ 2015ರಲ್ಲಿ ಶುರುವಾದವು. ಅಲ್ಲಿ ವಾರ್ಷಿಕೋತ್ಸವದ ಮಗ್ ಬಂದ ದಿನ ಉದ್ದ ಸಾಲು ಖಂಡಿತ. ಸಾಲಿನಲ್ಲಿ ನಿಂತ ಅರ್ಧ ಜನ ಸಂಜೆಗೇ ಎರಡು ಮೂರು ಪಟ್ಟು ಬೆಲೆಗೆ ಆನ್‌ಲೈನಿನಲ್ಲಿ ಮಾರುತ್ತಾರೆ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ. ಬಾರಿಗೆ ಬಂದು ಕೂತು ಕುಡಿಯುವವರಿಗೆ ಸಿಗಬೇಕಾದದ್ದು ಅದು.

ತಪ್ಪಿಹೋದರೆ ಕಾಯಿರಿ. ಮೊದಲ ವಾರ ಬೆಲೆ ನೆತ್ತಿಗೇರಿರುತ್ತದೆ. ಮುಂದಿನ ಬಿಡುಗಡೆ ಬಂದಾಗ ಎಲ್ಲರ ಕಣ್ಣು ಅತ್ತ ಹೋಗುತ್ತದೆ, ಹಿಂದಿನದರ ಬೆಲೆ ಎಷ್ಟೋ ಸಲ ಇಳಿಯುತ್ತದೆ.

ಬಾರಿನಲ್ಲಿ ಕುಡಿದ ಮಗ್ಗನ್ನು ಮನೆಗೆ ಒಯ್ಯಬಹುದಾ?

ದುಡ್ಡು ಕೊಟ್ಟರೆ ಮಾತ್ರ. ಬಹಳ ಕಡೆ ಮಗ್ ಸಮೇತ ಒಂದು ಬೆಲೆ, ಮಗ್ ಬಿಟ್ಟು ಒಂದು ಬೆಲೆ ಇರುತ್ತದೆ. ಚೀಲಕ್ಕೆ ಹಾಕಿಕೊಂಡು ಹೋಗುವವರ ಕಾಟಕ್ಕೆ ಕೆಲವು ಬಾರುಗಳು ಒಳ್ಳೆಯ ಮಗ್ ಇಡುವುದನ್ನೇ ಬಿಟ್ಟಿವೆ.

ಹಳೆ ಮಗ್ ಕೊಳ್ಳುವಾಗ ಏನು ಪರೀಕ್ಷೆ ಮಾಡಬೇಕು?

ಸಂತೆಯಲ್ಲಿ ನಮ್ಮ ಅಜ್ಜಿಯರು ಮಡಕೆ ತಟ್ಟಿ ನೋಡುವ ಹಾಗೆ ಬೆರಳ ಗಣ್ಣಿನಿಂದ ಮೆಲ್ಲಗೆ ತಟ್ಟಿ. ಗಟ್ಟಿ ಮಗ್ ಠಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ಶಬ್ದ ದಬ್ ಅಂತ ಸತ್ತುಹೋಗುತ್ತದೆ. ಆಮೇಲೆ ಬಾಯಿಯ ಅಂಚಿನ ಸುತ್ತ ಉಗುರು ಓಡಿಸಿ. ಕಣ್ಣಿಗೆ ಕಾಣದ ಚಕ್ಕೆ ಉಗುರಿಗೆ ಸಿಗುತ್ತದೆ. ಕಿವಿ, ಮೂಗು, ಗಡ್ಡದ ತುದಿ ಬಡಿತ ತಿನ್ನುವ ಜಾಗಗಳು.

ಗ್ಲೇಜಿನ ಮೇಲೆ ಜೇಡರ ಬಲೆಯಂಥ ಸಣ್ಣ ಗೆರೆಗಳಿದ್ದರೆ ಗಾಬರಿ ಬೇಡ. ತಣಿಯುವಾಗ ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗಿದರೆ ಹೀಗಾಗುತ್ತದೆ. ಹಳೆಯದರಲ್ಲಿ ಇದು ಸಾಮಾನ್ಯ. ಒಳಗಿಂದ ಹೊರಗೆ ದಾಟಿದ ಕೂದಲೆಳೆಯ ಬಿರುಕು ಬೇರೆ, ಅದಿದ್ದರೆ ಬೆಲೆ ಅರ್ಧಕ್ಕಿಂತ ಕೆಳಗೆ ಬರಬೇಕು. ಅಂಟು ಹಾಕಿ ಬಣ್ಣ ಬಳಿದ ರಿಪೇರಿ ಅನುಮಾನ ಬಂದರೆ ಕತ್ತಲೆ ಕೋಣೆಯಲ್ಲಿ ಅಲ್ಟ್ರಾವೈಲೆಟ್ ಟಾರ್ಚ್ ಬಿಡಿ. ಎಷ್ಟೋ ಅಂಟುಗಳು ಬೇರೆ ಬಣ್ಣದಲ್ಲಿ ಹೊಳೆಯುತ್ತವೆ.

ಇವುಗಳಲ್ಲಿ ನಿಜವಾಗಿ ಕುಡಿಯಬಹುದಾ?

ಹೊಸ ಮಗ್ಗಿನಲ್ಲಿ ಧಾರಾಳವಾಗಿ, ಕುಡಿಯಲು ಸುರಕ್ಷಿತ ಅಂತ ತಯಾರಕರು ಹೇಳಿದ್ದರೆ. 'ಅಲಂಕಾರಕ್ಕೆ ಮಾತ್ರ' ಎಂದಿದ್ದರೆ ಅದನ್ನು ನಂಬಿ.

ಹಳೆಯದರಲ್ಲಿ ಬೇಡ. ಆ ಕಾಲದ ಕೆಲವು ಗ್ಲೇಜ್‌ಗಳಲ್ಲಿ ಸೀಸ ಇರುತ್ತಿತ್ತು. ಟಿಕಿ ಕಾಕ್‌ಟೇಲ್ ಅಂದರೆ ನಿಂಬೆ, ಅನಾನಸ್, ಕಿತ್ತಳೆ. ಹುಳಿ ರಸ ಸೀಸವನ್ನು ಗ್ಲೇಜಿನಿಂದ ಎಳೆದುಕೊಳ್ಳುತ್ತದೆ, ಹೊತ್ತು ಜಾಸ್ತಿ ಆದಷ್ಟೂ ಜಾಸ್ತಿ. ಜೊತೆಗೆ ಬಿರಿದ ಗ್ಲೇಜಿನ ಗೆರೆಗಳಲ್ಲಿ ಕೊಳೆ ಕೂರುತ್ತದೆ. ಅಂಗಡಿಯಲ್ಲಿ ಸಿಗುವ ಸೀಸ ಪರೀಕ್ಷೆಯ ಕಡ್ಡಿಗಳ ಮೇಲೆ ಪೂರ್ತಿ ಭರವಸೆ ಇಡಲಾಗದು. ಆಸೆ ಆದರೆ ಒಳಗೊಂದು ಗಾಜಿನ ಲೋಟ ಇಳಿಸಿ ಕುಡಿಯಿರಿ. ಮಕ್ಕಳ ಕೈಗಂತೂ ಹಳೆ ಮಗ್ಗಿನಲ್ಲಿ ಏನೂ ಕೊಡಬೇಡಿ.

ನಾನು ಮದ್ಯ ಮುಟ್ಟುವುದಿಲ್ಲ. ಸಂಗ್ರಹ ಮಾಡಿದರೆ ಅರ್ಥ ಇದೆಯಾ?

ಖಂಡಿತ ಇದೆ. ಕೋಕಂ ಶರಬತ್ತಿಗೆ, ಪಾನಕಕ್ಕೆ ಪುಡಿ ಐಸ್ ಹಾಕಿ ಹೊಸ ಮಗ್ಗಿನಲ್ಲಿ ಕೊಟ್ಟು ನೋಡಿ, ಬಂದವರು ಬಿಡುವುದಿಲ್ಲ. ಅಂದಹಾಗೆ ಮೈ ಟೈ ಸಾಮಾನ್ಯವಾಗಿ ಮಗ್ಗಿನಲ್ಲಿ ಬರುವುದೇ ಇಲ್ಲ, ಅದಕ್ಕೆ ಗಾಜಿನ ಗಿಡ್ಡ ಲೋಟ.

ತೊಳೆಯುವುದು, ಇಡುವುದು ಹೇಗೆ?

ಕೈಯಲ್ಲೇ ತೊಳೆಯಿರಿ. ಉಗುರುಬೆಚ್ಚಗಿನ ನೀರು, ಮೆತ್ತನೆ ಸ್ಪಂಜು, ಬಾಟಲಿ ತೊಳೆಯುವ ಬ್ರಷ್. ಡಿಶ್‌ವಾಶರ್, ಮೈಕ್ರೋವೇವ್ ಬೇಡ. ತಳದ ಒರಟು ಉಂಗುರ ನೀರು ಹೀರುತ್ತದೆ, ತಲೆಕೆಳಗಾಗಿ ಇಟ್ಟು ಪೂರ್ತಿ ಒಣಗಲು ಬಿಡಿ. ಕೆಲವು ಮಗ್‌ಗಳ ಮೇಲೆ ಸುಟ್ಟ ನಂತರ ಬಳಿದ ಬಣ್ಣ ಇರುತ್ತದೆ, ಉಜ್ಜಿದರೆ ಕಿತ್ತು ಬರುತ್ತದೆ. ಅನುಮಾನ ಇದ್ದರೆ ಒದ್ದೆ ಹತ್ತಿಯಿಂದ ಒಂದು ಮೂಲೆ ಒರೆಸಿ ನೋಡಿ.

ಕ್ಯಾಲಿಫೋರ್ನಿಯಾದಲ್ಲಿರುವವರು ಭೂಕಂಪ ಮರೆಯುವಂತಿಲ್ಲ. ಮ್ಯೂಸಿಯಂ ಪುಟ್ಟಿ ಅಂತ ಸಿಗುತ್ತದೆ, ಅವರೆಕಾಳಿನಷ್ಟು ಉಂಡೆ ಮಾಡಿ ಪ್ರತಿ ಮಗ್ಗಿನ ತಳಕ್ಕೆ ಮೂರು ಕಡೆ ಅಂಟಿಸಿ. ಕಪಾಟನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಯಿರಿ. ಭಾರದ ಬೋಲ್‌ಗಳು ಕೆಳಗಿನ ಅರೆಗೆ.

ಪಾರ್ಸೆಲ್‌ನಲ್ಲಿ ಒಡೆಯದ ಹಾಗೆ ಕಳಿಸುವುದು ಹೇಗೆ? ಬೆಂಗಳೂರಿಗೆ ತರಿಸಬಹುದಾ?

ಡಬ್ಬಿಯೊಳಗೆ ಡಬ್ಬಿ. ಮೊದಲು ಮಗ್ಗಿನ ಹೊಟ್ಟೆಯೊಳಗೆ ಕಾಗದ ತುರುಕಿ. ಚಾಚಿದ ಕಿವಿ ಮೂಗಿಗೆ ಬೇರೆ ಬೇರೆ ಸುತ್ತಿ, ಆಮೇಲೆ ಪೂರ್ತಿ ಬಬಲ್ ರ್‍ಯಾಪ್. ಒಳಡಬ್ಬಿಗೂ ಹೊರಡಬ್ಬಿಗೂ ನಡುವೆ ಎಲ್ಲ ಕಡೆ ಎರಡು ಇಂಚು ಮೆತ್ತೆ. ಮುಚ್ಚಿದ ಮೇಲೆ ಅಲ್ಲಾಡಿಸಿ, ಒಳಗೆ ಏನಾದರೂ ಸರಿದಾಡಿದರೆ ಮತ್ತೆ ಬಿಚ್ಚಿ ತುಂಬಿ. ಒಮ್ಮೆ ಒಬ್ಬ ಮಾರಾಟಗಾರರು ಎರಡು ಮಗ್ಗನ್ನು ಒಂದಕ್ಕೊಂದು ತಾಗಿಸಿ ಕಳಿಸಿದ್ದರು. ಡಬ್ಬಿ ಹೊರಗಿಂದ ಹೊಸದರ ಹಾಗಿತ್ತು, ಒಳಗೆ ಎರಡೂ ಚೂರು. ಹೊಡೆತ ಹೊರಗಿಂದಲೇ ಬರಬೇಕಿಲ್ಲ.

ಭಾರತಕ್ಕೆ ಪಾರ್ಸೆಲ್ ಮಾಡಿದರೆ ಸಾಗಣೆ ಖರ್ಚು ಮಗ್ಗಿನ ಬೆಲೆಯನ್ನೇ ಮೀರಬಹುದು, ಮೇಲೆ ಕಸ್ಟಮ್ಸ್ ಸುಂಕ. ಊರಿಗೆ ಹೊರಟವರ ಕೈಚೀಲದಲ್ಲಿ ಕಳಿಸುವುದೇ ಮೇಲು. ಚೆಕ್-ಇನ್ ಸೂಟ್‌ಕೇಸಿಗೆ ಹಾಕಲೇಬೇಕಾದರೆ ಸೀರೆಗಳ ನಡುವೆ, ಅಂಚಿನಿಂದ ದೂರ ಇಡಿ.

ಇನ್ನೊಬ್ಬರ ದೇವರ ಮುಖದಲ್ಲಿ ಮದ್ಯ ಕುಡಿಯುವುದು ಸರಿಯಾ?

ಇದನ್ನು ಕೇಳಲೇಬೇಕು. ನಮ್ಮ ದೇವರ ಚಿತ್ರ ಚಪ್ಪಲಿ ಮೇಲೆ ಬಂದಾಗ ನಮಗೆ ಉರಿಯುತ್ತದೆ ಅಲ್ವಾ?

ಈ ಮುಖಗಳ ಹಿಂದೆ ಜೀವಂತ ಜನರಿದ್ದಾರೆ. ಹವಾಯಿ ಜನರ ದೊಡ್ಡ ದೇವರುಗಳಲ್ಲಿ 'ಕೂ' ಒಬ್ಬ. ನ್ಯೂಜಿಲ್ಯಾಂಡಿನ ಮಾವೊರಿ ಜನರ ಹೇ-ಟಿಕಿ ಹಸಿರು ಕಲ್ಲಿನ ಪದಕ, ಮನೆತನದಲ್ಲಿ ಕೈಯಿಂದ ಕೈಗೆ ಬರುವ ಆಸ್ತಿ. ಈಸ್ಟರ್ ದ್ವೀಪದ ದೊಡ್ಡ ಕಲ್ಲುಮೂರ್ತಿಗಳಾದ ಮೋಆಯಿ ಅಲ್ಲಿನ ರಾಪಾ ನುಯಿ ಜನರಿಗೆ ಪೂರ್ವಜರು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಮೋಆಯಿಯನ್ನು ವಾಪಸ್ ಕೊಡಿ ಎಂದು ಕೇಳಲು 2018ರಲ್ಲಿ ಅವರು ಲಂಡನ್ನಿಗೇ ಹೋಗಿದ್ದರು. ಟಿಕಿ ಬಾರ್‌ಗಳು ಇವನ್ನೆಲ್ಲ ಕಲಸಿ, ಯಾರದು ಏನು ಅಂತ ಕೇಳದೆ ಅಲಂಕಾರ ಮಾಡಿಕೊಂಡವು. ಪೆಸಿಫಿಕ್ ದ್ವೀಪದವರಲ್ಲಿ ಹಲವರಿಗೆ ಇದರಿಂದ ನೋವಾಗಿದೆ, ಅವರು ಬಾಯಿಬಿಟ್ಟು ಹೇಳಿದ್ದಾರೆ.

ನಾನು ಹೀಗೆ ಮಾಡುತ್ತೇನೆ. ದ್ವೀಪದ ಜನರನ್ನು ಕಾಡುಮನುಷ್ಯರ ಹಾಗೆ ಗೇಲಿ ಮಾಡುವ, ಹೆಂಗಸರ ಮೈಯನ್ನೇ ಸರಕಾಗಿಸುವ ಮಗ್ ಕೊಳ್ಳುವುದಿಲ್ಲ, ಎಷ್ಟೇ ಅಪರೂಪ ಇರಲಿ. ನಿಜವಾದ ದೇವರ ಮೂರ್ತಿಯ ನೇರ ನಕಲಿಗಿಂತ ಕಲಾವಿದರ ಸ್ವಂತ ಕಲ್ಪನೆಯ ಮುಖ, ಪ್ರಾಣಿ, ಸಮುದ್ರದ ಜೀವಿಗಳನ್ನು ಆರಿಸುತ್ತೇನೆ. ಪೆಸಿಫಿಕ್ ಮೂಲದ ಕಲಾವಿದರು ಮಾಡಿದ್ದು ಸಿಕ್ಕರೆ ಅದಕ್ಕೇ ಮೊದಲ ದುಡ್ಡು. ಇದರಿಂದ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ.

ಇದು ಹೂಡಿಕೆಯಾ?

ಅಲ್ಲ. ಅದಕ್ಕೆ ಬ್ಯಾಂಕಿದೆ. ಕೆಲವು ಮಗ್‌ಗಳ ಬೆಲೆ ಏರಿದ್ದು ನಿಜ, ಆದರೆ ಹೊಸ ಲಿಮಿಟೆಡ್ ಮಗ್‌ಗಳು ಇಷ್ಟೊಂದು ಬರುತ್ತಿರುವಾಗ ಯಾವುದು ಉಳಿಯುತ್ತದೆ ಅಂತ ಮೊದಲೇ ಊಹಿಸಲು ಆಗದು. ಮಾರಬೇಕಾಗಿ ಬಂದರೂ ಸಾಗಣೆ, ಕಮಿಷನ್ ಕಳೆದು ಕೈಗೆ ಬರುವುದು ಕಡಿಮೆ.

ಕೊಳ್ಳುವ ಮೊದಲು ಕಣ್ಣಾರೆ ನೋಡಬೇಕು. ಎಲ್ಲಿಗೆ ಹೋಗಲಿ?

ಬೇ ಏರಿಯಾದವರಿಗೆ ಅದೃಷ್ಟ. ಎಮರಿವಿಲ್‌ನಲ್ಲಿ ಟ್ರೇಡರ್ ವಿಕ್ಸ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2009ರಿಂದ ಇರುವ 'ಸ್ಮಗ್ಲರ್ಸ್ ಕೋವ್', ಫೇರ್‌ಮಾಂಟ್ ಹೋಟೆಲಿನೊಳಗೆ ಒಂದು ಕೊಳವನ್ನೇ ನಡುವೆ ಇಟ್ಟುಕೊಂಡ 'ಟೋಂಗಾ ರೂಮ್'. ಲಾಸ್ ಏಂಜಲೀಸ್‌ಗೆ ಹೋದರೆ 'ಟಿಕಿ-ಟಿ' ತಪ್ಪಿಸಬೇಡಿ. ಡಾನ್ ಬೀಚ್ ಬಳಿ ಕೆಲಸ ಮಾಡಿದ್ದ ಫಿಲಿಪೀನ್ಸಿನ ರೇ ಬೂಹೆನ್ 1961ರಲ್ಲಿ ಕಟ್ಟಿದ ಪುಟ್ಟ ಜಾಗ. ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನ 'ಮೈ-ಕೈ' 1956ರದ್ದು. 2020ರಲ್ಲಿ ಮುಚ್ಚಿತ್ತು, ದೊಡ್ಡ ರಿಪೇರಿ ಆಗಿ 2024ರಲ್ಲಿ ಮತ್ತೆ ತೆರೆದಿದೆ. ಗಲ್ಫ್‌ನಲ್ಲಿರುವ ಕನ್ನಡಿಗರಿಗೆ ದುಬೈನಲ್ಲೇ ಟ್ರೇಡರ್ ವಿಕ್ಸ್ ಇದೆ.

ವಾರದ ನಡುವಿನ ದಿನ, ಬಾಗಿಲು ತೆಗೆದ ಕೂಡಲೇ ಹೋಗಿ. ಟಿಕಿ ಬಾರ್‌ಗಳಲ್ಲಿ ಕಿಟಕಿ ಇರುವುದು ಕಮ್ಮಿ, ಒಳಗೆ ಬಹಳ ಕತ್ತಲು. ಜನ ಕಡಿಮೆ ಇದ್ದಾಗ ಬಾರ್‌ಟೆಂಡರ್ ಕಪಾಟಿನ ಮಗ್ ಇಳಿಸಿ ಕೈಗೆ ಕೊಡುತ್ತಾರೆ, ಯಾವುದು ಯಾವಾಗ ಬಂತು, ಮುಂದಿನದು ಯಾವಾಗ ಅಂತಲೂ ಹೇಳುತ್ತಾರೆ. ಟಿಪ್ ಚೆನ್ನಾಗಿ ಕೊಡಿ.